ಗೋಡೆಗೆ ಯಾವುದು: ಹಳೆಯ ಮುದ್ರಣವೋ, ಕಲಾವಿದರ ಮೂಲಚಿತ್ರವೋ?

ಗೃಹಪ್ರವೇಶಕ್ಕೆ ಬಂದ ಗೋಡೆಗಡಿಯಾರಗಳನ್ನೂ ಓಡುವ ಏಳು ಕುದುರೆಗಳ ಪ್ರಿಂಟುಗಳನ್ನೂ ಅಟ್ಟಕ್ಕೇರಿಸಿ ಆದ ಮೇಲೆ ಸೋಫಾದ ಹಿಂದಿನ ಗೋಡೆ ಖಾಲಿ ಉಳಿಯುತ್ತದೆ. ಅಲ್ಲಿಗೆ ಅಲಂಕಾರದ ಅಂಗಡಿಯ ಸಾಮಾನು ಬೇಡ, ಬಾಳುವಂಥದ್ದು ಏನಾದರೂ ಬೇಕು ಎಂದು ಹೊರಟವರಿಗೆ ಸಿಗುವುದು ಎರಡು ದಾರಿ. ಒಂದು, ಹಳೆಯ ಮುದ್ರಣ: ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಇನ್ನೂರು ವರ್ಷ ಹಿಂದಿನ ಮಲಬಾರ್ ತೀರದ ನಕ್ಷೆ, ತಾಮ್ರದ ತಗಡಿನಿಂದ ಅಚ್ಚಾದ ಗಿಡದ ಚಿತ್ರ. ಇನ್ನೊಂದು, ಕಲಾವಿದರು ಕೈಯಾರೆ ಬರೆದ, ಅದರಂಥದ್ದು ಇನ್ನೊಂದಿಲ್ಲದ ಮೂಲಚಿತ್ರ.

ಎರಡಕ್ಕೂ ಆರಂಭದ ಖರ್ಚು ಹೆಚ್ಚುಕಡಿಮೆ ಒಂದೇ. ಒಂದು ಸಾಧಾರಣ ಮೊಬೈಲ್ ಫೋನಿನ ದುಡ್ಡಿಗೆ ಎರಡರಲ್ಲಿ ಯಾವುದನ್ನಾದರೂ ಮರ್ಯಾದೆಯಿಂದ ಶುರುಮಾಡಬಹುದು. ಹಾಗಾಗಿ ಆಯ್ಕೆ ನಿಲ್ಲುವುದು ಬೆಲೆಯ ಮೇಲಲ್ಲ. ನಿಮ್ಮ ಗೋಡೆ ಏನನ್ನು ತಾಳಿಕೊಳ್ಳುತ್ತದೆ, ನಿಮ್ಮ ಕಣ್ಣು ಏನನ್ನು ಪರೀಕ್ಷೆ ಮಾಡಬಲ್ಲುದು ಎಂಬ ಎರಡು ಸಂಗತಿಗಳ ಮೇಲೆ. ದಿಲ್ಲಿ, ಮುಂಬಯಿಯವರು ಬರೆದ ಸಲಹೆಗಳಲ್ಲಿ ಮೊದಲನೆಯದರ ಸುದ್ದಿಯೇ ಇರುವುದಿಲ್ಲ, ಯಾಕೆಂದರೆ ಅವರು ನಮ್ಮ ಕರಾವಳಿಯ ಆಟಿ ತಿಂಗಳ ಮಳೆಯನ್ನು ನೋಡಿಲ್ಲ.

ಮೊದಲು ಗೋಡೆಯನ್ನು ನೋಡಿ

ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯ ತೇವಾಂಶ ಶೇಕಡಾ 65–70 ದಾಟಿ ಕೆಲವು ದಿನ ಹಾಗೆಯೇ ನಿಂತರೆ ಕಾಗದದ ಮೇಲೆ ಬೂಷ್ಟು ಏಳಲು ಸಾಕು. ನಮ್ಮಲ್ಲಿ ಅದು ವಾರಗಟ್ಟಲೆ 85–90ರಲ್ಲೇ ಕೂತಿರುತ್ತದೆ. ಚಪ್ಪಲಿ, ಬೆಲ್ಟ್, ಮದುವೆಯ ಆಲ್ಬಮ್ ಎಲ್ಲಕ್ಕೂ ಆಗುವುದೇ ಚಿತ್ರಕ್ಕೂ ಆಗುತ್ತದೆ. ಕಡಲ ಹತ್ತಿರವಿದ್ದರೆ ಉಪ್ಪಿನ ಗಾಳಿ ಬೇರೆ, ಅದು ಚೌಕಟ್ಟಿನ ಮೊಳೆ, ತಂತಿಗಳನ್ನು ಮೊದಲು ತಿನ್ನುತ್ತದೆ.

ಮುರಕಲ್ಲಿನ ಹಳೆಯ ಮನೆಯಾದರೆ ಹೊರಗೋಡೆ ನೀರು ಹೀರುತ್ತದೆ. ಫ್ಲಾಟ್ ಆದರೂ ನೈಋತ್ಯಕ್ಕೆ ಮುಖ ಮಾಡಿದ ಗೋಡೆ ಮಳೆಯ ಹೊಡೆತಕ್ಕೆ ಒಳಗಿನವರೆಗೂ ತಣ್ಣಗಾಗುತ್ತದೆ. ಜುಲೈ ತಿಂಗಳಲ್ಲಿ ಅಂಗೈಯನ್ನು ಗೋಡೆಗೆ ಒತ್ತಿ ನೋಡಿ. ಥಂಡಿ ಹತ್ತಿದರೆ ಆ ಗೋಡೆ ಕಾಗದಕ್ಕೆ ಆಗದು. ಒಳಗಿನ ಅಡ್ಡಗೋಡೆ, ಅಂದರೆ ಎರಡೂ ಬದಿಯಲ್ಲಿ ಕೋಣೆ ಇರುವ ಗೋಡೆಯೇ ಕಾಗದಕ್ಕೆ ಸರಿ. ಬಚ್ಚಲಿಗೆ ತಾಗಿಕೊಂಡಿರುವ ಅಡ್ಡಗೋಡೆ ಲೆಕ್ಕಕ್ಕಿಲ್ಲ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಹಳೆಯ ಮುದ್ರಣವೆಂದರೆ ಕಾಗದ, ಅದೂ ಈಗಾಗಲೇ ಮುದಿಯಾದ ಕಾಗದ. ಹಿಂದೆ ಅಂಟು, ಮೈದಾ ಹಿಟ್ಟು, ರಟ್ಟು ಎಲ್ಲ ಸೇರಿಕೊಂಡಿರುತ್ತದೆ. ಬೆಳ್ಳಿಹುಳಕ್ಕೆ ಇದಕ್ಕಿಂತ ಒಳ್ಳೆಯ ಊಟ ಇಲ್ಲ. ಮೂಲಚಿತ್ರ ಜಲವರ್ಣವಾದರೆ ಅದೂ ಕಾಗದವೇ, ಅಪಾಯ ಅಷ್ಟೇ. ಆದರೆ ಕ್ಯಾನ್ವಾಸ್ ಮೇಲಿನ ಎಣ್ಣೆಬಣ್ಣ, ಅಕ್ರಿಲಿಕ್ ಚಿತ್ರಗಳು ನಮ್ಮ ಹವೆಯನ್ನು ಕಾಗದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತವೆ. ಬೂಷ್ಟು ಅವಕ್ಕೂ ಬರುತ್ತದೆ, ಹೆಚ್ಚಾಗಿ ಹಿಂಭಾಗದಲ್ಲಿ. ಮಳೆ ಮುಗಿದ ಮೇಲೆ ಒಣ ಮೆತ್ತನೆಯ ಬ್ರಷ್‌ನಿಂದ ಗಾಳಿಯಲ್ಲಿ ತೆಗೆದರೆ ಹೋಗುತ್ತದೆ. ಒದ್ದೆ ಬಟ್ಟೆ ಮಾತ್ರ ಮುಟ್ಟಿಸಬೇಡಿ.

ಹಾಗಾಗಿ ನಿಮ್ಮ ಮನೆಯಲ್ಲಿ ಒಣಗಿದ ಒಳಗೋಡೆಯೇ ಇಲ್ಲವೆಂದಾದರೆ ಉಳಿದದ್ದನ್ನು ಓದುವ ಮೊದಲೇ ಅರ್ಧ ತೀರ್ಮಾನ ಆಗಿಹೋಯಿತು: ಕ್ಯಾನ್ವಾಸ್ ಮೇಲಿನ ಮೂಲಚಿತ್ರ.

ರವಿವರ್ಮನ ಲಕ್ಷ್ಮಿ

ಕರಾವಳಿಯಲ್ಲಿ ‘ಹಳೆಯ ಚಿತ್ರ’ ಎಂದರೆ ಹತ್ತರಲ್ಲಿ ಎಂಟು ಮಂದಿಗೆ ನೆನಪಾಗುವುದು ಓಲಿಯೋಗ್ರಾಫ್, ಅಂದರೆ ಎಣ್ಣೆಬಣ್ಣದ ಚಿತ್ರದಂತೆ ಕಾಣುವ ಬಣ್ಣದ ಮುದ್ರಣ. ಗುತ್ತಿನ ಮನೆಗಳ ಚಾವಡಿಯಲ್ಲಿ, ಕೊಂಕಣಿ ಮನೆಗಳ ದೇವರ ಕೋಣೆಯಲ್ಲಿ, ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಇದ್ದದ್ದು ಅದೇ. ಕ್ರೈಸ್ತರ ಮನೆಗಳ ಆಲ್ತಾರಿನ ಮೇಲಿದ್ದ ಯೇಸುವಿನ ಪವಿತ್ರ ಹೃದಯದ ಚಿತ್ರಗಳೂ ಬಹುಮಟ್ಟಿಗೆ ಇದೇ ಜಾತಿ, ಯುರೋಪಿನಲ್ಲಿ ಅಚ್ಚಾಗಿ ಬಂದವು.

ತಂತ್ರ ಕಲ್ಲಚ್ಚಿನದು, ಅಂದರೆ ಕಲ್ಲಿನ ಮೇಲೆ ಬರೆದು ಅದರಿಂದ ಅಚ್ಚು ತೆಗೆಯುವುದು. ನಮ್ಮೂರಿಗೆ ಅದು ಹೊಸತೇನಲ್ಲ: ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದದ್ದು ಕಲ್ಲಚ್ಚಿನಿಂದಲೇ, 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಮುದ್ರಣಗೊಂಡದ್ದೂ ಹಾಗೆಯೇ. ಬಣ್ಣದ ಚಿತ್ರಕ್ಕಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕು, ಒಂದೇ ಹಾಳೆ ಹತ್ತಾರು ಸಲ ಕಲ್ಲಿನಡಿ ಹೋಗಿ ಬರಬೇಕು. ಕೊನೆಗೆ ಕ್ಯಾನ್ವಾಸಿನ ನೇಯ್ಗೆ ಕಾಣುವಂತೆ ಒತ್ತಿ, ಮೇಲೆ ವಾರ್ನಿಷ್ ಹಚ್ಚಿದರೆ ಎಣ್ಣೆಬಣ್ಣದ ಚಿತ್ರವೇ ಎಂಬ ಭ್ರಮೆ. ಆ ವಾರ್ನಿಷ್ಷೇ ಈಗ ಜೇನುಬಣ್ಣಕ್ಕೆ ತಿರುಗಿರುವುದು.

ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಶುರುಮಾಡಿದರು. ಕೆಲವೇ ವರ್ಷಗಳಲ್ಲಿ ಅದು ಲೋಣಾವಳದ ಬಳಿಯ ಮಳವ್ಲಿಗೆ ಹೋಯಿತು, ಆಮೇಲೆ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಖರ್ ಕೈಗೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಪ್ರೆಸ್ ಅದಾದ ಮೇಲೂ ದಶಕಗಟ್ಟಲೆ ಓಡಿತು, 1972ರ ಬೆಂಕಿಯಲ್ಲಿ ಅದರ ಕಥೆ ಮುಗಿಯಿತು. ಈ ನಾಲ್ಕು ಸಾಲಿನ ಇತಿಹಾಸ ಗೊತ್ತಿದ್ದರೆ ಅಂಗಡಿಯವನ ಮಾತನ್ನು ಅರ್ಧಕ್ಕೆ ನಿಲ್ಲಿಸಬಹುದು. ಕೆಳಗೆ ‘ರವಿವರ್ಮ ಪ್ರೆಸ್’ ಎಂದು ಅಚ್ಚಾಗಿದ್ದರೆ ಅದು ರವಿವರ್ಮರೇ ಬರೆದ ಚಿತ್ರದ ಪ್ರತಿ ಎಂದಾಗಲಿ, ಅವರ ಕಾಲದ್ದು ಎಂದಾಗಲಿ ಅರ್ಥವಲ್ಲ. ಬೇರೆ ಕಲಾವಿದರ ಚಿತ್ರಗಳೂ ಅದೇ ಹೆಸರಿನಡಿ ಬಂದಿವೆ. ಅವು ಕೆಟ್ಟವು ಎಂದಲ್ಲ, ಬೆಲೆ ಮಾತ್ರ ಬೇರೆ.

ಅದಕ್ಕಿಂತ ದೊಡ್ಡ ತೊಡಕು ಮರುಮುದ್ರಣದ್ದು. ನಮ್ಮ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಕಲಾವಿದ ತೀರಿಕೊಂಡ ಮೇಲೆ 60 ವರ್ಷ. ರವಿವರ್ಮರ ಚಿತ್ರಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಹಾಕುತ್ತಲೂ ಇದ್ದಾರೆ. ಹೊಸ ಪ್ರಿಂಟಿಗೆ ಚಹಾದ ನೀರು ಬಳಿದು, ಹಳೆಯ ಮನೆಯಿಂದ ಕಿತ್ತ ತೇಗದ ಚೌಕಟ್ಟಿನಲ್ಲಿ ಕೂರಿಸಿ, ಹಿಂದೆ ಒರಲೆ ತಿಂದ ಹಲಗೆ ಬಡಿದರೆ ‘ನೂರು ವರ್ಷದ ಮಾಲು’ ರೆಡಿ. ಚೌಕಟ್ಟು ನಿಜವಾಗಿಯೂ ಹಳೆಯದೇ, ಅದೇ ಮೋಸದ ಸೊಗಸು.

ಇದಕ್ಕೆ ಮದ್ದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್. ಕೆಲವು ನೂರು ರೂಪಾಯಿ ಅಷ್ಟೆ. ಅದನ್ನು ದೇವಿಯ ಕೆನ್ನೆಯ ಮೇಲೆ ಇಟ್ಟು ನೋಡಿ. ಈಗಿನ ಆಫ್‌ಸೆಟ್ ಮುದ್ರಣವಾದರೆ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಒಂದೇ ಅಂತರದಲ್ಲಿ, ಸಾಲಾಗಿ, ಪುಟ್ಟ ಹೂವಿನ ಆಕಾರದಲ್ಲಿ ಕೂತಿರುತ್ತವೆ. ಇಂಕ್‌ಜೆಟ್ ಆದರೆ ಬಣ್ಣದ ಮಂಜು ಸಿಂಪಡಿಸಿದ ಹಾಗೆ ಅತಿಸಣ್ಣ ಹನಿಗಳು. ಕಲ್ಲಚ್ಚಿನಲ್ಲಿ ಮಾತ್ರ ಚುಕ್ಕಿಗಳು ಅಂಗಳಕ್ಕೆ ಚೆಲ್ಲಿದ ಭತ್ತದಂತೆ ಅಡ್ಡಾದಿಡ್ಡಿ, ಒಂದು ದಪ್ಪ, ಒಂದು ಸಣ್ಣ. ಯಾಕೆಂದರೆ ಅವನ್ನು ಕಲ್ಲಿನ ಮೇಲೆ ಇಟ್ಟದ್ದು ಕೈ. ತುಟಿಯ ಅಂಚಿನಲ್ಲಿ ಒಂದು ಬಣ್ಣ ಇನ್ನೊಂದರಿಂದ ಕೂದಲೆಳೆಯಷ್ಟು ಜಾರಿದ್ದರೂ ಸಂತೋಷಪಡಿ. ಗಾಜು ತೆಗೆಯಲು ಬಿಡುವುದಿಲ್ಲ ಎನ್ನುವ ಅಂಗಡಿಯಲ್ಲಿ ಕೊಳ್ಳುವುದೇ ಬೇಡ.

ಎಲ್ಲಿ ಸಿಗುತ್ತದೆ? ಅತ್ಯುತ್ತಮವಾದದ್ದು ಅಂಗಡಿಯಲ್ಲಲ್ಲ, ಸ್ವಂತ ಅಜ್ಜಿಮನೆಯ ಅಟ್ಟದಲ್ಲಿ. ಹಳೆಯ ಮನೆ ಕೆಡವುವಾಗ ಮರಮಟ್ಟಿಗೆ ಕೊಟ್ಟ ಗಮನದ ನೂರನೇ ಪಾಲನ್ನೂ ಚಿತ್ರಗಳಿಗೆ ಕೊಡುವುದಿಲ್ಲ. ಗುಜರಿಯವರ ಪಾಲಾಗುವ ಮೊದಲು ಕೇಳಿದರೆ ಬಂಧುಗಳು ಸುಮ್ಮನೆಯೂ ಕೊಟ್ಟಾರು. ವ್ಯಾಪಾರದ ದೊಡ್ಡ ಕೇಂದ್ರಗಳು ಕೊಚ್ಚಿಯ ಮಟ್ಟಾಂಚೇರಿ, ತಮಿಳುನಾಡಿನ ಕಾರೈಕುಡಿ, ಮುಂಬಯಿಯ ಚೋರ್ ಬಜಾರ್. ಹೋಗುವ ಮೊದಲು ಒಮ್ಮೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಿ ಬನ್ನಿ. ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಜೋಡಿಸಿದ ಜಾಗ. ಹಳೆಯ ಚಿತ್ರ ಹಳೆಯ ಗೋಡೆಯ ಮೇಲೆ ಹೇಗಿರುತ್ತದೆ ಎಂಬ ಅಂದಾಜು ಸಿಗುತ್ತದೆ.

ಸೀರೆಯ ಮೇಲೆ ಜರಿ, ಮಣಿ, ಚಮಕಿ ಹೊಲಿದ ಓಲಿಯೋಗ್ರಾಫುಗಳೂ ಸಿಗುತ್ತವೆ. ಹಿಂದಿನ ಕಾಲದ ಹೆಂಗಸರು ಬಿಡುವಿನಲ್ಲಿ ದೇವಿಗೆ ಉಡಿಸಿದ ಸೀರೆ ಅದು. ಕೆಲವು ಸಂಗ್ರಾಹಕರು ಮುದ್ರಣ ಹಾಳಾಯಿತು ಎನ್ನುತ್ತಾರೆ. ನನಗಾದರೆ ಬರೀ ಹಾಳೆಗಿಂತ ಅದೇ ಇಷ್ಟ: ಸಾವಿರಾರು ಪ್ರತಿಗಳಲ್ಲಿ ಒಂದಾಗಿದ್ದದ್ದು ಆ ಸೂಜಿಯಿಂದ ಒಂಟಿಯಾಯಿತಲ್ಲ.

ನಕ್ಷೆ, ಗಿಡ, ಟಿಪ್ಪು

ಯುರೋಪಿನ ಹಳೆಯ ಮುದ್ರಣಗಳದ್ದು ಬೇರೆಯೇ ಲೋಕ. ಇಲ್ಲಿ ಮೋಸ ಕಡಿಮೆ, ಪರೀಕ್ಷೆ ಸುಲಭ. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಹಾಳೆಯಲ್ಲಿ ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಶಾಯಿಯ ಗೆರೆ ಕಾಗದದ ಮೇಲೆ ಸ್ವಲ್ಪ ಉಬ್ಬಿರುತ್ತದೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಹದಿನೆಂಟನೇ ಶತಮಾನದ ಬಹುತೇಕ ಕಾಗದದಲ್ಲಿ ಜಾಲರಿಯ ಗೆರೆಗಳು ಕಾಣುತ್ತವೆ. ಆ ಕಾಲದ ಕಾಗದ ಚಿಂದಿಬಟ್ಟೆಯಿಂದ ಮಾಡಿದ್ದು, ಆದ್ದರಿಂದ ಇನ್ನೂರೈವತ್ತು ವರ್ಷದ ನಕ್ಷೆ ಎಷ್ಟೋ ಸಲ ನೂರು ವರ್ಷದ ಕ್ಯಾಲೆಂಡರಿಗಿಂತ ಗಟ್ಟಿ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಬಂತು. ಅದು ತನ್ನೊಳಗಿನ ಆಮ್ಲದಿಂದಲೇ ಕಂದುಬಣ್ಣಕ್ಕೆ ತಿರುಗಿ, ಮುರಿಯುತ್ತದೆ. ಹೆಚ್ಚು ಹಳೆಯದು ಹೆಚ್ಚು ನಾಜೂಕು ಎಂಬ ಲೆಕ್ಕ ಇಲ್ಲಿ ತಿರುಗುಮುರುಗು.

ನಮ್ಮ ಊರಿನವರಿಗೆ ಹತ್ತಿರದ್ದು ಯಾವುದು? ‘ಹೊರ್ತುಸ್ ಮಲಬಾರಿಕುಸ್’ ಗ್ರಂಥದ ಸಸ್ಯಚಿತ್ರಗಳು ನನ್ನ ಮೊದಲ ಆಯ್ಕೆ. ಡಚ್ ಅಧಿಕಾರಿ ವಾನ್ ರೀಡ್ ಕೊಚ್ಚಿಯಲ್ಲಿದ್ದು ಮಾಡಿಸಿದ್ದು, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಾಗಿ ಬಂತು. ಮಲಯಾಳಿ ವೈದ್ಯ ಇಟ್ಟಿ ಅಚ್ಯುದನ್ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ಅದಕ್ಕೆ ದುಡಿದವರು. ಅವರ 1675ರ ಕೊಂಕಣಿ ಪ್ರಮಾಣಪತ್ರ ಮೊದಲ ಸಂಪುಟದಲ್ಲೇ ನಾಗರಿ ಲಿಪಿಯಲ್ಲಿ ಅಚ್ಚಾಗಿದೆ. ಚಿತ್ರದ ಹಾಳೆಗಳ ಮೇಲೂ ಗಿಡದ ಹೆಸರು ಹಲವು ಲಿಪಿಗಳಲ್ಲಿ. ಮಂಗಳೂರಿನ ಕಾರ್‌ಸ್ಟ್ರೀಟಿನ ಕೊಂಕಣಿ ಮನೆಯ ಗೋಡೆಗೆ ಇದಕ್ಕಿಂತ ತಕ್ಕ ಹಳೆಯ ಮುದ್ರಣ ನನಗೆ ತೋಚುವುದಿಲ್ಲ. ಬಿಡಿಹಾಳೆಗಳು ಯುರೋಪಿನ ವ್ಯಾಪಾರಿಗಳಲ್ಲಿ ಸಿಗುತ್ತವೆ, ಎಂದರೆ ಯಾರೋ ಸಂಪುಟ ಬಿಚ್ಚಿದ್ದಾರೆ ಎಂದೇ ಅರ್ಥ. ಈ ಪುಸ್ತಕ ಹರಿಯುವ ವ್ಯಾಪಾರ ನನಗೆ ಹಿಡಿಸದು. ಹರಿದಾದ ಹಾಳೆಯನ್ನು ಕೊಂಡು ಜೋಪಾನ ಮಾಡುವುದು ಬೇರೆ, ಅಖಂಡ ಪುಸ್ತಕ ಹುಡುಕಿಸಿ ಹರಿಸುವುದು ಬೇರೆ.

ಟಿಪ್ಪು ಚಿತ್ರಗಳಿಗೆ ಗಿರಾಕಿ ಬಹಳ. 1784ರ ಮಂಗಳೂರು ಒಪ್ಪಂದದ ಊರಿನವರಿಗೆ ಅವು ಬೇಕೆನಿಸುವುದು ಸಹಜ. ಕೊಳ್ಳುವಾಗ ಒಂದು ತಿಳಿದಿರಲಿ: 1799ರ ಬಳಿಕ ಲಂಡನ್ನಿನಲ್ಲಿ ಟಿಪ್ಪುವಿನ ಕೊನೆಯ ಯುದ್ಧದ ಚಿತ್ರಗಳು ರಾಶಿಯಾಗಿ ಅಚ್ಚಾದವು, ಬರೆದವರಲ್ಲಿ ಹೆನ್ರಿ ಸಿಂಗಲ್ಟನ್‌ನಂಥವರು ಶ್ರೀರಂಗಪಟ್ಟಣ ಕಂಡವರೇ ಅಲ್ಲ. ಸೈನ್ಯದ ಜೊತೆ ಬಂದಿದ್ದ ರಾಬರ್ಟ್ ಹೋಮ್‌ನ 1794ರ ಮೈಸೂರು ದೃಶ್ಯಗಳು ಬೇರೆ ತೂಕದವು, ಕಣ್ಣಾರೆ ಕಂಡು ಬರೆದದ್ದು.

ಅಗ್ಗದ ಆರಂಭ ಬೇಕೆಂದರೆ 1842ರಿಂದ ಹೊರಡುತ್ತಿದ್ದ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ವಾರಪತ್ರಿಕೆಯ ಪುಟಗಳು. ಮರದಚ್ಚಿನ ಸೂಕ್ಷ್ಮ ಕೆಲಸ, ಕೆಲವೇ ಸಾವಿರಕ್ಕೆ ಸಿಗುತ್ತವೆ. ಅಚ್ಚಾದದ್ದು ಕಪ್ಪುಬಿಳುಪಿನಲ್ಲಿ, ಬಣ್ಣವಿದ್ದರೆ ಬಹುಪಾಲು ಇತ್ತೀಚೆಗೆ ಯಾರೋ ಮಾರಲು ಹಚ್ಚಿದ್ದು. ಬಣ್ಣಕ್ಕೆಂದು ಹೆಚ್ಚು ಕೊಡಬೇಡಿ.

ಮೂಲಚಿತ್ರ: ಯಾರದ್ದು, ಎಲ್ಲಿಂದ

ಮೂಲಚಿತ್ರವೆಂದಾಕ್ಷಣ ಉಡುಪಿಯವರ ಬಾಯಲ್ಲಿ ಬರುವ ಹೆಸರು ಕೆ. ಕೆ. ಹೆಬ್ಬಾರ್. 1911ರಲ್ಲಿ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆ, ಆಮೇಲೆ ಪ್ಯಾರಿಸ್ ಎಂದು ಹೋಗಿ, ಯಕ್ಷಗಾನದ, ಕುಣಿತದ ಲಯವನ್ನು ಒಂದೇ ಗೆರೆಯಲ್ಲಿ ಹಿಡಿದವರು. 1996ರಲ್ಲಿ ತೀರಿಕೊಂಡರು. ಅವರ ಚಿತ್ರವನ್ನು ಮನೆಗೆ ತರುವ ಯೋಚನೆ ಇದ್ದರೆ ಅದು ಹರಾಜು ಸಂಸ್ಥೆ, ಹಳೆಯ ಗ್ಯಾಲರಿಗಳ ವ್ಯವಹಾರ; ಚಿತ್ರ ಕಲಾವಿದನಿಂದ ಈವರೆಗೆ ಯಾರ ಯಾರ ಕೈ ದಾಟಿ ಬಂತು ಎಂಬ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದ್ದರೂ ಬಿಟ್ಟುಬಿಡಿ. ‘ಹೆಬ್ಬಾರರು ನಮ್ಮ ತಂದೆಗೆ ಕೊಟ್ಟ ರೇಖಾಚಿತ್ರ’ ಎಂಬ ಬಾಯಿಮಾತು ದಾಖಲೆಯಲ್ಲ. ಕಡಿಮೆ ಗೆರೆಗಳ ಚಿತ್ರ ನಕಲಿ ಮಾಡಲು ಸುಲಭ ಎಂದು ನಕಲಿಕೋರರಿಗೆ ಅನಿಸುತ್ತದೆ. ನಿಜವಾದ ಹೆಬ್ಬಾರರ ಗೆರೆ ಎಲ್ಲೂ ತಡವರಿಸುವುದಿಲ್ಲ. ಮಣಿಪಾಲದ ಹೆಬ್ಬಾರ್ ಗ್ಯಾಲರಿಯಲ್ಲಿ, ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಅವರ ಕೆಲಸದ ಎದುರು ಒಂದು ಗಂಟೆ ಕೂತರೆ ಈ ಮಾತು ಕಣ್ಣಿಗೇ ತಿಳಿಯುತ್ತದೆ.

ಹೆಚ್ಚಿನವರಿಗೆ ಸಿಗುವ, ನಾನು ಒತ್ತಾಯಿಸಿ ಹೇಳುವ ದಾರಿ ಈಗ ನಮ್ಮ ನಡುವೆ ಇರುವ ಕಲಾವಿದರದ್ದು. ಮಂಗಳೂರಿನ ಬಲ್ಲಾಳ್‌ಬಾಗ್‌ನ ಪ್ರಸಾದ್ ಆರ್ಟ್ ಗ್ಯಾಲರಿ, ಕೊಡಿಯಾಲ್‌ಗುತ್ತು ಕಲಾಕೇಂದ್ರಗಳಲ್ಲಿ ಪ್ರದರ್ಶನ ನಡೆಯುತ್ತಿರುತ್ತವೆ. ಮಹಾಲಸಾ ಕಲಾ ಕಾಲೇಜಿನಂಥ ಕಡೆಗಳಿಂದ ಓದಿ ಬಂದ ಹುಡುಗ ಹುಡುಗಿಯರ ಕೆಲಸ ನೋಡಿ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆಯೇ ತಲುಪಿದರೆ ಒಳ್ಳೆಯ ಚಿತ್ರಗಳು ಇನ್ನೂ ಉಳಿದಿರುತ್ತವೆ.

ಇಲ್ಲಿ ಅಸಲಿ ನಕಲಿಯ ಪ್ರಶ್ನೆಯೇ ಇಲ್ಲ, ಬರೆದವರು ಎದುರಿಗೇ ನಿಂತಿರುತ್ತಾರೆ. ಯಾವ ಬಣ್ಣ, ಯಾವ ಕ್ಯಾನ್ವಾಸ್, ವಾರ್ನಿಷ್ ಹಚ್ಚಿದ್ದೀರಾ ಎಂದು ಕೇಳಬಹುದು. ಮಳೆಗಾಲದಲ್ಲಿ ಏನಾದರೂ ಆದರೆ ಫೋನ್ ಮಾಡಬಹುದು. ಹಳೆಯ ಮುದ್ರಣದಲ್ಲಿ ನೂರು ಪ್ರಶ್ನೆಗೆ ಉತ್ತರ ಊಹೆ, ಇಲ್ಲಿ ನೇರ ಮಾತು. ಈ ಒಂದು ಕಾರಣಕ್ಕೇ ಮೊದಲ ಖರೀದಿ ಜೀವಂತ ಕಲಾವಿದರದ್ದಾಗಿರಲಿ ಎನ್ನುತ್ತೇನೆ. ಕಣ್ಣು ಪಳಗುವುದೂ ಇಲ್ಲೇ.

ಕಷ್ಟ ಇರುವುದು ಬೇರೆ ಕಡೆ. ಮೂಲಚಿತ್ರವನ್ನು ಮತ್ತೆ ಮಾರಲು ಹೋದರೆ ಕೊಳ್ಳುವವರು ಸಿಗುವುದು ಅಪರೂಪ. ಒಳ್ಳೆಯ ಸ್ಥಿತಿಯ, ಪ್ರೆಸ್ಸಿನ ಹೆಸರು ಅಚ್ಚಾಗಿರುವ ಓಲಿಯೋಗ್ರಾಫ್ ಅಥವಾ ಹಳೆಯ ನಕ್ಷೆ ಬೇಗ ಬಿಕರಿಯಾದೀತು, ಯಾಕೆಂದರೆ ಅದರ ಬೆಲೆಯ ಅಂದಾಜು ಹಲವರಿಗೆ ಇರುತ್ತದೆ. ‘ಹತ್ತು ವರ್ಷದಲ್ಲಿ ಹತ್ತರಷ್ಟಾಗುತ್ತದೆ’ ಎಂದು ಯಾರಾದರೂ ಯುವ ಕಲಾವಿದರ ಚಿತ್ರ ಮಾರಲು ಬಂದರೆ ಆ ದುಡ್ಡನ್ನು ಬ್ಯಾಂಕಿನಲ್ಲಿಡಿ. ಹೂಡಿಕೆಯ ಚಪಲವಿದ್ದವರಿಗೆ ಎರಡೂ ದಾರಿ ಸರಿಯಲ್ಲ.

ಇನ್ನೊಂದು ಎಚ್ಚರ: ಕ್ಯಾನ್ವಾಸ್ ಮೇಲೆ ಇದ್ದದ್ದೆಲ್ಲ ಮೂಲಚಿತ್ರವಲ್ಲ. ಇಂಕ್‌ಜೆಟ್‌ನಲ್ಲಿ ಕ್ಯಾನ್ವಾಸಿಗೆ ಅಚ್ಚು ಹಾಕಿ, ಮೇಲೆ ಪಾರದರ್ಶಕ ಜೆಲ್‌ನಿಂದ ಬ್ರಷ್ಷಿನ ಗೆರೆ ಎಳೆದು ಮಾರುತ್ತಾರೆ. ಮೊಬೈಲ್ ಟಾರ್ಚನ್ನು ಚಿತ್ರದ ಪಕ್ಕದಿಂದ ಅಡ್ಡಲಾಗಿ ಹಿಡಿಯಿರಿ. ಉಬ್ಬುಗೆರೆಗಳು ಚಿತ್ರದ ಬಣ್ಣ, ಆಕಾರಗಳನ್ನು ಅನುಸರಿಸದೆ ತಮ್ಮ ಪಾಡಿಗೆ ಓಡಿದ್ದರೆ ಅದು ಜೆಲ್. ನಿಜವಾದ ಬಣ್ಣದ ದಪ್ಪ ಹೇಗಿರುತ್ತದೆ ಎಂದು ತಿಳಿಯಲು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗಿಂತ ಒಳ್ಳೆಯ ಪಾಠಶಾಲೆ ನಮ್ಮಲ್ಲಿಲ್ಲ. ಇಟಲಿಯ ಬೆರ್ಗಾಮೊ ಕಡೆಯ ಆಂಟೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ಕೂತು ಅದರ ಗೋಡೆ, ಚಾವಣಿಗಳನ್ನು ತುಂಬಿದರು. ಹಸಿ ಗಾರೆಯ ಮೇಲಿನ ಕೆಲಸವೂ ಇದೆ, ಕ್ಯಾನ್ವಾಸಿನ ಮೇಲಿನದೂ ಇದೆ. ನಮ್ಮ ಮಳೆಗೆ ಅವೂ ನಲುಗಿ, ಆಮೇಲೆ ತಜ್ಞರ ಕೈಯಲ್ಲಿ ದುರಸ್ತಿಯಾದವು ಎಂಬುದನ್ನೂ ನೆನಪಿಡಿ.

ಎರಡರ ನಡುವೆ ನಿಲ್ಲುವ ಕೆಲವು

ಮುದ್ರಣ ಮತ್ತು ಮೂಲ ಎರಡೂ ಆಗಿರುವ ಒಂದು ಜಾತಿಯಿದೆ: ಕಲಾವಿದರೇ ತಗಡು, ಮರ ಕೊರೆದು ಅಥವಾ ಕಲ್ಲಿನ ಮೇಲೆ ಬರೆದು, ಇಂತಿಷ್ಟೇ ಪ್ರತಿ ಎಂದು ತೆಗೆದ ಅಚ್ಚುಗಳು. ಕೆಳಗೆ ಪೆನ್ಸಿಲಿನಲ್ಲಿ 7/25 ಎಂದಿದ್ದರೆ ಇಪ್ಪತ್ತೈದರಲ್ಲಿ ಏಳನೆಯದು, ಪಕ್ಕದಲ್ಲಿ ಸಹಿ. ಹೆಸರುವಾಸಿ ಕಲಾವಿದರ ಮೂಲಚಿತ್ರ ಕೈಗೆಟುಕದಾಗ ಇವು ಎಟುಕುತ್ತವೆ. ಕಾಗದವೆಂಬ ತೊಂದರೆ ಇದೆ, ಆದರೆ ಹೊಸ ಒಳ್ಳೆಯ ಹತ್ತಿಯ ಕಾಗದ. ನಮ್ಮ ಜನ ‘ಪ್ರಿಂಟಾ, ಜೆರಾಕ್ಸಾ?’ ಎಂದು ಮೂಗು ಮುರಿಯುವುದರಿಂದ ಬೆಲೆ ಇನ್ನೂ ಏರಿಲ್ಲ. ಆದರೆ ಮೂಲಚಿತ್ರದ ಫೋಟೋ ತೆಗೆದು ಇಂಕ್‌ಜೆಟ್‌ನಲ್ಲಿ ಐನೂರು ಪ್ರತಿ ಮಾಡಿ ಸಂಖ್ಯೆ ಹಾಕಿದ್ದನ್ನು ಇದಕ್ಕೆ ಸಮ ಎಂದು ಒಪ್ಪಿಕೊಳ್ಳಬೇಡಿ.

ದೇವರ ಚಿತ್ರವೇ ಬೇಕು, ಹೊಳಪೂ ಬೇಕು ಎನ್ನುವವರು ಮೈಸೂರು ಶೈಲಿಯನ್ನು ನೋಡಬಹುದು. ತಂಜಾವೂರಿನದು ಕಲ್ಲು ಮಣಿ ಕೂರಿಸಿದ ಎತ್ತರದ ಉಬ್ಬು; ಮೈಸೂರಿನದು ತೆಳುವಾದ ಉಬ್ಬು, ಮೇಲೆ ಚಿನ್ನದ ರೇಕು, ಗೆರೆಯ ನಾಜೂಕಿಗೆ ಹೆಚ್ಚು ಬೆಲೆ. ನನ್ನ ಮತ ಮೈಸೂರಿಗೆ. ಚಿನ್ನದ ಬದಲು ಬಣ್ಣದ ಫಾಯಿಲ್ ಹಾಕಿದ್ದು ಸಂತೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಕರಾವಳಿಯ ಹವೆಗೆ ಅದು ಬೇಗ ಕಪ್ಪಾಗುತ್ತದೆ, ಚಿನ್ನ ಆಗುವುದಿಲ್ಲ.

ಕಾವಿ ಕಲೆ ಪೂರಾ ನಮ್ಮದೇ ತೀರದ್ದು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿಯಿರುವಾಗಲೇ ಕೊರೆದು ಒಳಗಿನ ಬಿಳಿ ತೋರಿಸುವುದು. ಅದು ದೇವಸ್ಥಾನದ, ಮಠದ ಗೋಡೆಯ ಕಲೆ. ಈಗ ಹಲಗೆ, ಕ್ಯಾನ್ವಾಸುಗಳ ಮೇಲೂ ಮಾಡಿಕೊಡುವವರಿದ್ದಾರೆ. ಹೊಸ ಮನೆ ಕಟ್ಟಿಸುವವರು ಚೌಕಟ್ಟಿನ ಚಿತ್ರ ಹುಡುಕುವುದರ ಬದಲು ಒಂದು ಗೋಡೆಯನ್ನೇ ಕಾವಿಗೆ ಬಿಟ್ಟುಕೊಟ್ಟರೆ ಚೆಂದ. ಬಳಸುವುದು ಸುಣ್ಣ ಮತ್ತು ಮಣ್ಣು. ಬೆಳ್ಳಿಹುಳಕ್ಕೆ ಅಲ್ಲಿ ಕೆಲಸವಿಲ್ಲ.

ಹಳೆಯ ಸಾಮಾನಿನ ಅಂಗಡಿಗಳಲ್ಲಿ ದೈವದ ಮೊಗ (ಮುಖವಾಡ), ಪಾಪೆ (ಗೊಂಬೆ)ಗಳನ್ನೂ ಚಿತ್ರದ ಜೊತೆ ತೋರಿಸುತ್ತಾರೆ. ಅವು ಯಾವ ಊರಿನ ಯಾವ ದೈವಸ್ಥಾನದಿಂದ ಹೇಗೆ ಬಂದವು ಎಂದು ಯಾರೂ ಹೇಳುವುದಿಲ್ಲ. ನೋಡಿ, ಮುಂದೆ ನಡೆಯಿರಿ.

ಚೌಕಟ್ಟಿಗೆ ಉಳಿಸಿಟ್ಟುಕೊಂಡ ದುಡ್ಡು

ಕಾಗದದ ಚಿತ್ರಕ್ಕೆ ಬೆಲೆಯ ಮೂರನೇ ಒಂದು ಪಾಲಾದರೂ ಚೌಕಟ್ಟಿಗೆ ಇಡಿ. ಊರಿನ ಫ್ರೇಮ್ ಅಂಗಡಿಯಲ್ಲಿ ರೂಢಿಯಿಂದ ಮಾಡುವ ಮೂರು ಕೆಲಸ ಬೇಡವೆಂದು ಹೇಳಬೇಕು: ಚಿತ್ರವನ್ನು ರಟ್ಟಿಗೆ ಫೆವಿಕಾಲ್ ಹಾಕಿ ಅಂಟಿಸುವುದು, ಗಾಜಿಗೆ ನೇರ ತಾಗಿಸುವುದು, ಹಿಂದೆ ಪ್ಲೈವುಡ್ ಬಡಿಯುವುದು. ಲ್ಯಾಮಿನೇಷನ್ ಸುದ್ದಿಯಂತೂ ಎತ್ತಲೇಬಾರದು, ಸೆಲೋಟೇಪೂ ಬೇಡ. ಚಿತ್ರದ ಸುತ್ತ ಕೂರಿಸುವ ಆಮ್ಲರಹಿತ ಮೌಂಟ್‌ಬೋರ್ಡ್ (ದಪ್ಪ ರಟ್ಟು) ಮಂಗಳೂರಿನಲ್ಲಿ ಸಿಗದಿದ್ದರೆ ತರಿಸಿ ಕೊಡಿ. ಆ ಬೋರ್ಡಿನ ದಪ್ಪವೇ ಗಾಜಿಗೂ ಚಿತ್ರಕ್ಕೂ ನಡುವೆ ಅಂತರ ಕೊಡುತ್ತದೆ. ಅಂತರವಿಲ್ಲದಿದ್ದರೆ ಒಂದೆರಡು ಮಳೆಗಾಲದಲ್ಲಿ ಹಾಳೆ ಗಾಜಿಗೇ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಬಣ್ಣ ಗಾಜಿನಲ್ಲೇ ಉಳಿಯುತ್ತದೆ. ವಾರ್ನಿಷ್ ಇರುವ ಓಲಿಯೋಗ್ರಾಫುಗಳು ಹೀಗೇ ಹೋಗುವುದು.

ಚೌಕಟ್ಟಿನ ಹಿಂದಿನ ನಾಲ್ಕು ಮೂಲೆಗೆ ಕಾರ್ಕ್ ಅಥವಾ ರಬ್ಬರಿನ ಗುಂಡಿ ಅಂಟಿಸಿ, ಗೋಡೆಗೂ ಅದಕ್ಕೂ ನಡುವೆ ಗಾಳಿ ಓಡಲಿ. ಮೊಳೆ, ತಂತಿ ಸ್ಟೇನ್‌ಲೆಸ್ ಸ್ಟೀಲಿನದ್ದಿರಲಿ. ಬೆಳಕಿನ ವಿಷಯದಲ್ಲಿ ವಸ್ತುಸಂಗ್ರಹಾಲಯಗಳ ಅಳತೆ ಕಾಗದಕ್ಕೆ 50 ಲಕ್ಸ್, ಎಣ್ಣೆಬಣ್ಣಕ್ಕೆ 200 ಲಕ್ಸ್. ಮನೆಯಲ್ಲಿ ಅಷ್ಟು ಹಿಡಿತ ಸಾಧ್ಯವಿಲ್ಲ, ನೇರ ಬಿಸಿಲು ಬೀಳದಂತೆ ನೋಡಿಕೊಂಡರೆ ಸಾಕು. ದೇವರ ಕೋಣೆಯಲ್ಲಿ ಹಳೆಯ ಓಲಿಯೋಗ್ರಾಫ್ ಇಟ್ಟು ದಿನಾ ದೀಪ, ಊದುಬತ್ತಿ ಹಚ್ಚುವವರಿಗೆ ನಾನು ಬೇಡವೆನ್ನುವುದಿಲ್ಲ. ಅದು ಪೂಜೆಗೆಂದೇ ಅಚ್ಚಾದದ್ದು. ಆದರೆ ಸಂಗ್ರಹದ ವಸ್ತುವೆಂದು ದುಡ್ಡು ಕೊಟ್ಟು ತಂದಿದ್ದರೆ ಪೂಜೆಗೆ ಹೊಸ ಪ್ರತಿ ಇಡಿ.

ಅಕ್ರಿಲಿಕ್ ಚಿತ್ರಕ್ಕೆ ಒಂದು ಸ್ವಭಾವ: ಸೆಕೆ, ತೇವದಲ್ಲಿ ಮೇಲ್ಮೈ ಸ್ವಲ್ಪ ಮೆದುವಾಗಿ ದೂಳು ಹಿಡಿಯುತ್ತದೆ. ಕಲಾವಿದರಲ್ಲೇ ವಾರ್ನಿಷ್ ಹಚ್ಚಿಸಿಕೊಂಡು ತನ್ನಿ. ಸಾಗಿಸುವಾಗ ಮುಖಕ್ಕೆ ಪ್ಲಾಸ್ಟಿಕ್ ಸುತ್ತಬೇಡಿ.

ಬಿಲ್ಲು, ಕಾನೂನು, ಗಲ್ಫಿನ ಮಕ್ಕಳು

ಜೀವಂತ ಕಲಾವಿದರಿಂದ ಕೊಂಡರೆ ಹೆಸರು, ವರ್ಷ, ಅಳತೆ, ಮಾಧ್ಯಮ ಬರೆದ ಸಹಿಯ ಚೀಟಿ ಪಡೆಯಿರಿ. ಚಿತ್ರ ನಿಮ್ಮದಾದರೂ ಹಕ್ಕುಸ್ವಾಮ್ಯ ಕಲಾವಿದರಲ್ಲೇ ಉಳಿಯುತ್ತದೆ. ಮನೆಗೆ ಬಂದವರಿಗೆ ತೋರಿಸಬಹುದು, ನಿಮ್ಮ ಅಂಗಡಿಯ ಕ್ಯಾಲೆಂಡರಿಗೆ ಅಚ್ಚು ಹಾಕಿಸುವಂತಿಲ್ಲ. ಅಂಗಡಿ, ಗ್ಯಾಲರಿಯಿಂದ ಕೊಳ್ಳುವಾಗ 2025ರ ಸೆಪ್ಟೆಂಬರ್ 22ರಿಂದ ಚಿತ್ರಕಲೆಗೂ ನೂರು ವರ್ಷ ದಾಟಿದ ಪುರಾತನ ವಸ್ತುಗಳಿಗೂ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೆಯ ದರದ ಬಿಲ್ಲು ಕೊಟ್ಟರೆ ಕೇಳಿ. ಲಂಡನ್, ಆಮ್‌ಸ್ಟರ್‌ಡ್ಯಾಮ್ ವ್ಯಾಪಾರಿಗಳಿಂದ ತರಿಸುವವರು ಕಸ್ಟಮ್ಸ್ ಮತ್ತು ಕೊರಿಯರ್ ಖರ್ಚನ್ನು ಮೊದಲೇ ಸೇರಿಸಿ ಲೆಕ್ಕ ಹಾಕಿ. ಅಗ್ಗವೆನಿಸಿದ ಹಾಳೆ ಮನೆ ಮುಟ್ಟುವಾಗ ಅಗ್ಗ ಉಳಿದಿರುವುದಿಲ್ಲ.

ಪುರಾತನ ವಸ್ತುಗಳ 1972ರ ಕಾಯಿದೆಯಂತೆ ನೂರು ವರ್ಷ ದಾಟಿದ ಕಲಾವಸ್ತು ಪುರಾತನ ವಸ್ತು. ಅದನ್ನು ವ್ಯಾಪಾರ ಮಾಡುವವರಿಗೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಪರವಾನಗಿ ಬೇಕು. ನೂರು ವರ್ಷದ, ಕೈಯಾರೆ ಬರೆದ ವರ್ಣಚಿತ್ರವನ್ನು ಇಟ್ಟುಕೊಳ್ಳುವವರು ನೋಂದಣಿಯ ನಿಯಮವನ್ನೂ ವಿಚಾರಿಸಬೇಕು. ‘ಗ್ಯಾರಂಟಿ ನೂರಿಪ್ಪತ್ತು ವರ್ಷ’ ಎಂದು ಬಾಯಲ್ಲಿ ಹೇಳಿ, ಬಿಲ್ಲಿನಲ್ಲಿ ‘ಅಲಂಕಾರಿಕ ಚಿತ್ರ’ ಎಂದು ಬರೆಯುವ ಅಂಗಡಿಯವನ ಎರಡು ಮಾತಿನಲ್ಲಿ ಒಂದು ಸುಳ್ಳು.

ಇದು ನಮ್ಮ ಜಿಲ್ಲೆಗಳಲ್ಲಿ ನಿಜವಾಗಿ ತೊಡಕಾಗುವುದು ದುಬೈ, ಕುವೈತ್, ಕೆನಡಾಕ್ಕೆ ಹೋಗುವ ಮಕ್ಕಳು ಅಜ್ಜಿಮನೆಯ ಸರಸ್ವತಿಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡಾಗ. ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನೂರು ವರ್ಷ ಆಗಿಲ್ಲವೆಂದಾದರೆ, ಇದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಇಲಾಖೆಯಿಂದ ಮೊದಲೇ ಪಡೆದಿದ್ದರೆ ವಿಮಾನನಿಲ್ದಾಣದಲ್ಲಿ ವಾದಿಸಬೇಕಾಗಿಲ್ಲ. ಹೊರದೇಶದಲ್ಲಿ ನೆಲೆಸುವ ಯೋಚನೆ ಇರುವವರು ಕೊಳ್ಳುವಾಗಲೇ ಈಗಿನ ಕಲಾವಿದರ ಚಿತ್ರ ಆರಿಸಿಕೊಳ್ಳುವುದು ಒಳ್ಳೆಯದು: ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಡಿಸಿ, ಬಣ್ಣದ ಬದಿ ಹೊರಗಿರುವಂತೆ ದಪ್ಪ ಕೊಳವೆಗೆ ಸುತ್ತಿ, ಕಲಾವಿದರ ಸಹಿಯ ಚೀಟಿ ಮತ್ತು ಬಿಲ್ಲನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ಆಯಿತು.